ಗೇಣು ಕಮ್ಮಿ ಐದು ಮಾರು

ನಕ್ಷೆಯಲ್ಲಿ ಅದು ನೆಟ್ಟಗಿನ ನೀಲಿ ಗೆರೆ.
ನನಗೆ, ದಿನಕ್ಕೆ ಹನ್ನೆರಡು ತಾಸು ಕೆಮ್ಮುವ ಕೊಳವೆ,
ಹೂಳೆತ್ತುವ ಹಡಗು, ಅದರ ಹಿಂದೆ ಅಳತೆಯ ದೋಣಿ,
ದೋಣಿಯಲ್ಲಿ ನಾನು,
ಪರದೆಯ ಮೇಲೆ ತಳದ ನಡುಕ ಓದುತ್ತ.

ಎಂಟು ಪಾಯಿಂಟ್ ಆರು, ಎಂದು ಕೂಗುತ್ತೇನೆ.
ಒಂಬತ್ತು ಬೇಕು, ಎನ್ನುತ್ತಾನೆ ಹೂಕ್‌ಸ್ಟ್ರಾ,
ಹಾಲೆಂಡಿನವನು, ಬಿಸಿಲಿಗೆ ಕಿವಿ ಸುಲಿದವನು.
ಒಂಬತ್ತು ಮೀಟರೆಂದರೆ ಗೇಣು ಕಮ್ಮಿ ಐದು ಮಾರು.
ಈ ಲೆಕ್ಕ ನನ್ನ ತೋಳುಗಳಿಗೆ ಗೊತ್ತು. ಅವನಿಗೆ ಹೇಳಿಲ್ಲ.

ತದಡಿಯ ಅಳಿವೆಯಲ್ಲಿ ಮರಳು
ತನಗೆ ತೋಚಿದಲ್ಲಿ ಮಲಗುತ್ತಿತ್ತು,
ನಾವೇ ದೋಣಿಯ ಮೂತಿ ತಿರುಗಿಸುತ್ತಿದ್ದೆವು.
ಮುಸಫ್ಫಾದಲ್ಲಿ ಅದನ್ನು ಮಲಗಗೊಡುವುದಿಲ್ಲ.
ಎಬ್ಬಿಸಿ, ಹೀರಿ, ದೂರ ಉಗಿದು ಬರುತ್ತೇವೆ;
ಶಮಾಲ್ ಗಾಳಿ ಬೀಸಿದ ಮೂರನೇ ದಿನಕ್ಕೆ
ಮತ್ತೆ ಬಂದಿರುತ್ತದೆ,
ರಜೆ ಮುಗಿಸಿ ಬಂದವನ ಹಾಗೆ, ಅದೇ ಮಂಚಕ್ಕೆ.

ಒಳನಾಡಿನ ಬಂದರು. ಸುತ್ತ ಗ್ಯಾರೇಜು, ಸಿಮೆಂಟು ಧೂಳು,
ಕ್ಯಾಂಪಿನ ಕಟಕಟೆಗಳಲ್ಲಿ ಒಣಗುವ ನೀಲಿ ಅಂಗಿ.
ಎಲ್ಲಿ ನಿಂತರೂ ಸಮುದ್ರ ಕಾಣುವುದಿಲ್ಲ.
ಆದರೂ ಗೋಡೌನುಗಳ ಸಂದಿಯಲ್ಲಿ ಒಮ್ಮೊಮ್ಮೆ
ಹಡಗಿನ ಹಣೆಯೊಂದು ನಿಧಾನ ಹಾದುಹೋಗುತ್ತದೆ,
ಬೀದಿಯಲ್ಲಿ ಮನೆಯೇ ನಡೆದು ಹೋದಂತೆ;
ಚಹಾದಂಗಡಿಯ ಕುಞಿಪ್ಪ ತಲೆಯೆತ್ತುವುದಿಲ್ಲ.

ಕಳೆದ ಮಂಗಳವಾರ ಕೊಳವೆಯ ಗಂಟಲು ಕಟ್ಟಿತು.
ಬಿಚ್ಚಿದರೆ ಹಗ್ಗ, ಸಿಂಪಿ, ಟೈರಿನ ತುಂಡು,
ಕೆಸರು ತುಂಬಿದ ಒಂದು ಹಳದಿ ಹೆಲ್ಮೆಟ್ಟು.
ತೊಳೆದಾಗ ಒಳಗಡೆ, ಮಾಸಿದ ಮಾರ್ಕರಿನಲ್ಲಿ, ಕನ್ನಡದಲ್ಲಿ:
'ಗಣಪು ಅಂಬಿಗ. ಮುಟ್ಟಬೇಡಿ.'

ಎಂಜಿನ್ನು ನಿಂತಿತ್ತು. ಹೂಕ್‌ಸ್ಟ್ರಾ ಟೋಪಿ ತೆಗೆದ.
ಅಲ್ಲಿದ್ದವರಲ್ಲಿ ಓದಬಲ್ಲವನು ನಾನೊಬ್ಬ,
ಓದಿ ಹೇಳು ಎಂದರು. ಹೇಳಿದೆ.
ಮುಟ್ಟಬೇಡಿ ಎಂಬುದನ್ನು ಬಿಟ್ಟು.

ನಾಲ್ಕು ದಿನ, ಹದಿಮೂರು ಫೋನು. ಕೊನೆಗೆ ಸಿಕ್ಕ,
ಹೊನ್ನಾವರದ ಐಸ್ ಫ್ಯಾಕ್ಟರಿಯಲ್ಲಿ, ಜೀವಂತ, ಬೈಯುತ್ತ:
'ಗಾಳಿಗೆ ಹಾರಿಹೋಯ್ತು ಮಾರಾಯ,
ನಲವತ್ತು ದಿರ್ಹಮು ಹಿಡಿದ್ರು ಸಂಬಳದಲ್ಲಿ!
ಎಷ್ಟು ಆಳದಲ್ಲಿತ್ತು?'

ಗೇಣು ಕಮ್ಮಿ ಐದು ಮಾರು, ಎಂದೆ.

ಅವನು ಸುಮ್ಮನಾದ. ಆಚೆ ಮಂಜುಗಡ್ಡೆ ಒಡೆಯುವ ಸದ್ದು.
'ನಾವಿದ್ದಾಗ ನಾಲ್ಕೂ ಇರಲಿಲ್ಲ,' ಎಂದ,
ತೋಡಿ ಬಿಟ್ಟುಬಂದ ಬಾವಿಯಲ್ಲಿ
ನೀರು ಬಂತೆಂದು ಕೇಳಿದವನ ದನಿಯಲ್ಲಿ.

ಇವತ್ತಿನ ಅಳತೆ ಎಂಟು ಪಾಯಿಂಟ್ ಒಂಬತ್ತು.
ನಸುಕಿಗೆ ಉಬ್ಬರ ನೋಡಿಕೊಂಡು ಒಂದು ಹಡಗು ಹೊರಡುವುದಿದೆ.
ಹೆಲ್ಮೆಟ್ಟು ನನ್ನ ಮಂಚದ ಕಂಬಿಯಲ್ಲಿದೆ.
ಯಾರೂ ಮುಟ್ಟಿಲ್ಲ.