ಬರ್ಕೊ ಮಗ

ಕುಂತ್ಕೊ ಮಗ, ಆ ಕಲ್ಲು ವಸಿ ಬೆಚ್ಗದೆ.
ವೊತ್ತಾರಿಂದ ನೋಡ್ತಾನೇ ಇವ್ನಿ ನಿನ್ನ,
ಆ ರಟ್ಟು, ಆ ಪೆನ್ನು, ತೊಣ್ಣೂರು ಕೆರೆ ಏರಿ ಉದ್ದಕೂ
ಗಾಳದೋರ್ನೆಲ್ಲ ನಿಲ್ಸಿ ನಿಲ್ಸಿ ಕೇಳ್ತಿದ್ದೆ:
ಎಲ್ಲಿಂದ ಬಂದ್ರಿ, ಪೆಟ್ರೋಲ್‌ಗೆ ಎಷ್ಟಾಯ್ತು,
ನಾಳೀಕೆ ಈ ಕೆರೆ ಇಲ್ದೆ ವೋದ್ರೆ
ನಿಮ್ಗೆಷ್ಟು ಲುಕ್ಸಾನು.
ನನ್ನ ಎಲ್ಡ್ ಸಲ ದಾಟ್ಕಂಡ್ ವೋದೆ.
ತೆಂಗಿನ್ ಚಿಪ್ಪು ಇಟ್ಕಂಡು ಕುಂತೋಳು
ಲೆಕ್ಕಕ್ಕೆ ಬರಕಿಲ್ಲ ಅಂದ್ಕಂಡ್ಯೇನೋ.

ಎಸ್ರು ಚಿಕ್ಕತಾಯಮ್ಮ. ವಯಸ್ಸು ನೀನೇ ಆಕೊ.
ಇಣುಕ್ ನೋಡು, ಎದ್ರಬ್ಯಾಡ, ಎರೆ ಉಳ.
ಚಿಪ್ಪಿಗೆ ಇಪ್ಪತ್ ರುಪಾಯಿ.
ನಾಕ್ ಗಂಟೆಗೆದ್ದು, ಬಚ್ಚಲ್ ನೀರು ವೋಗೋ ಬಾಳೆ ಬುಡ
ಮೊಬೈಲ್ ಬೆಳಕಲ್ಲಿ ಕೆದುಕ್ತೀನಿ.
ಬೆಳಕು ಜಾಸ್ತಿಯಾದ್ರೆ ಒಳೀಕೆ ಸೇರ್ಕತವೆ,
ನಾಚ್ಕೆ ಅವುಕ್ಕೆ.

ಅವ್ರೆಲ್ಲ ನಿನ್ಗೆ ನಿಜ ಏಳಿರಕಿಲ್ಲ.
ಬ್ಯಾಂಕಿನ ಶ್ರೀಕಂಠಪ್ರಸಾದ್ರು ಮೈಸೂರಿಂದ ಬತ್ತರೆ,
ಅವ್ರ ಗಾಳದ್ ಕಡ್ಡಿ ಜಪಾನಿಂದಂತೆ.
ಅದ್ರ ಬೆಲೆ ಎಂಡ್ರಿಗೊಂದು ಏಳವ್ರೆ, ನನಗೊಂದು ಏಳವ್ರೆ,
ನಿನ್ಗೆ ಮೂರ್ನೇದು ಏಳಿರ್ತರೆ.
ಮೂರೂ ಕೂಡಿ ಮೂರ್ರಿಂದ ಭಾಗ್ಸು.
ಅಂಗೂ ವೋದ್ ವರ್ಸ ಅವ್ರು ಇಡ್ದಿದ್ದು
ಅಂಗೈಯಗ್ಲದ ಆರು ಜಿಲೇಬಿ ಮೀನು.
ಪಾಂಡುಪುರದ್ ಸಂತೇಲಿ ನೂರೂ ಬರಕಿಲ್ಲ.

ದಡ್ಡರು ಅಂತ ಬರ್ದ್ಯಾ? ವಡೆದಾಕು.
ಆ ಆರು ಮೀನಿನ್ ಎಸ್ರಲ್ಲಿ
ಇಲಿಯಾಸನ ಟೀ ಗಾಡಿಗೆ ಎಲ್ಡ್ನೇ ಸ್ಟವ್ ಬಂತು,
ಪಂಚರ್ ಪುಟ್ಮಾದನ ಮಗಳು
ಪಾಲಿಟೆಕ್ನಿಕ್ ಫೀಜು ಕಟ್ಟುದ್ಲು,
ನಾನು ಈ ಕಿವೀದು ಗಿರವಿಯಿಂದ ಬಿಡಿಸ್ಕಂಡೆ.

ಕೆರೆ ಇಲ್ದೆ ವೋದ್ರೆ ಅಂತ ಕೇಳ್ದಲ್ಲ,
ಅಂತ ಮಾತ ನೀರ್ ಮುಂದೆ ಆಡ್ಬಾರ್ದು, ಕೇಳಿಸ್ಕತದೆ.
ಕೇಳ್ಳೇಬೇಕು ಅಂದ್ರೆ ಇವ್ರ್ ಎಂಡ್ರುನ್ನ ಕೇಳು.
ಭಾನ್ವಾರದ್ ವೊತ್ತಾರೆ ಮನೇಲಿ ನೆಮ್ದಿ,
ಅದ್ಕೆಷ್ಟು ಅಂತ ಅವ್ರೇ ಏಳ್ತರೆ.

ರೈಲ್ವೆ ವರ್ಕ್‌ಶಾಪಿನ ಆರೋಗ್ಯಸ್ವಾಮಿ, ಆ ಕೆಂಪು ಟೋಪಿ.
ಒಂದು ಗೆಂಡೆ ಅದೆ, ಮೇಲ್ತುಟಿ ಅರ್ದದೆ.
ಮೂರ್ ಸಲ ಇಡ್ದವ್ನೆ, ಮೂರ್ ಸಲವೂ
ಒದ್ದೆ ಕೈಯಲ್ಲಿ ತಬ್ಕಂಡು ನೀರಿಗೆ ಬುಟ್ಟವ್ನೆ.
ಯಾಕಣ್ಣ ಅಂದ್ರೆ, ಮುಂದಿನ್ ವಾರ ಏನ್ ಮಾಡ್ಲಿ ಅಂತನೆ.
ಮಾರಿದ್ರೆ ನಾನೂರು, ಒಂದೇ ಸಲ.
ಬುಟ್ಟಿದ್ಕೆ ವರ್ಸದಿಂದ ನನ್ ಚಿಪ್ಪು ತಪ್ಪಿಲ್ಲ.
ಕರೆಯೋ ಎಮ್ಮೇನ ಯಾರ್ ಮಗ ಕೊಯ್ತರೆ?

ಇನ್ನೊಬ್ರವ್ರೆ. ಅಗೋ, ಕಡೇಲಿ, ಒಂಗೆ ಮರದಡಿ.
ಗಾಳನೇ ಬುಟ್ಟಿಲ್ವಲ್ಲ ಅಂತ ನೀನ್ ಕೇಳೇ ಇಲ್ಲ.
ಶ್ರೀರಂಗಪಟ್ಣದ ಕೋರ್ಟಲ್ಲಿ ಟೈಪ್ ಮಾಡೋರು,
ವಾರವೆಲ್ಲ ಬೇರೇರ ಜಗಳ.
ಬಂದು ಎಲ್ಡ್ ಚಿಪ್ಪು ತಕತರೆ,
ಗಾಳ ಬ್ಯಾಗಿಂದ ಆಚ್ಗೇ ತೆಗಿಯಕಿಲ್ಲ.
ನೀರ್ ನೋಡ್ತರೆ. ಬಿಸ್ಲೇರ್ದಾಗ ಬಗ್ಗಿ
ಉಳನೆಲ್ಲ ಒಂಗೆ ಬುಡದ ತಣ್ಣನ್ ಮಣ್ಗೆ
ಮೆಲ್ಗೆ ಬುಟ್ಟು ವೋಯ್ತರೆ.
ನಲ್ವತ್ ರುಪಾಯಿ. ಬರ್ಕೊ.
ಯಾವ್ ಕಾಲಮ್ಮೋ ನಂಗೊತ್ತಿಲ್ಲ.

ಸೋಮಾರ ನಾನು ಕುಡ್ಲು ತಕಂಡ್ ಬಂದು
ಆ ಬುಡನೇ ಕೆದುಕ್ತೀನಿ.
ಅವವೇ ಉಳ, ಇನ್ನೂ ವಸಿ ಕೊಬ್ಬಿರ್ತವೆ.
ಮುಂದಿನ್ ಭಾನ್ವಾರ ಅವ್ರಿಗೇ ಮಾರ್ತೀನಿ.

ಇದ್ ಮಾತ್ರ ಬರೀಬ್ಯಾಡ.