ಬದುಕಿರುವ ಪ್ರಮಾಣ

ಮಡಗಾಂವಿನ ಶಾಖೆಯಲ್ಲಿ ನಾನು ಮೂರನೆಯ ಕೌಂಟರ್.
ನವೆಂಬರ್ ಬಂದರೆ ಪಿಂಚಣಿಯವರ ಸಾಲು,
ಕೊಡೆ, ಕೆಮ್ಮು, ನುಸಿಗುಳಿಗೆ ನಾರುವ ಕೋಟು.
ಅವರು ಬದುಕಿದ್ದಾರೆಂದು ಬರೆದು
ಮೊಹರು ಒತ್ತುವುದು ನನ್ನ ಕೆಲಸ.
ಗದಗಿನ ಗುಮಾಸ್ತನೊಬ್ಬನಿಗೆ ಸಿಕ್ಕ
ಯಮನ ವಿರುದ್ಧದ ವಕಾಲತ್ತು.

ದೋನಾ ಫೆಲಿಸ್ಮಿನಾ ತಾವೊರಾ ಸಾಲಿನಲ್ಲಿ ನಿಲ್ಲುತ್ತಿರಲಿಲ್ಲ,
ಸಾಲೇ ಸರಿದು ಜಾಗ ಬಿಡುತ್ತಿತ್ತು.
ಹುಟ್ಟಿದ ಊರು: ಎವೊರಾ, ಪೋರ್ತುಗಾಲ.
ಗೋವೆಗೆ ಬಂದದ್ದು: ಒಂಬತ್ತರ ವಯಸ್ಸಲ್ಲಿ,
ನ್ಯಾಯಾಧೀಶ ಅಪ್ಪನ ಪೆಟ್ಟಿಗೆಗಳ ಜೊತೆ.
ವೃತ್ತಿ: ವ್ಯಾಕರಣದ ಟೀಚರು, ನಿವೃತ್ತ.
ಕವಿ ಅಂತ ಬರೆಯಲು
ಆ ಫಾರಮ್ಮಿನಲ್ಲಿ ಮನೆ ಇರಲಿಲ್ಲ.

ಅಜ್ಜನ ಸುನೀತಗಳು ಇನ್ನೂರಾ ಹದಿನಾಲ್ಕು.
ಅಪ್ಪನದು ಮೂರು ನಾಟಕ, ಒಂದು ಪತ್ರಿಕೆ.
ಚಿಕ್ಕಮ್ಮನದು ಸಂತರ ಚರಿತ್ರೆ, ದಪ್ಪನೆಯದು.
ಅಣ್ಣ ಬೆರ್ನಾರ್ದು ಕಾದಂಬರಿಕಾರ,
ಅವನ ಹೆಸರಿನ ಓಣಿಯೇ ಇದೆಯಂತೆ ಅಲ್ಲಿ.
‘ನಮ್ಮ ಊಟದ ಮೇಜಿನಲ್ಲಿ ಪ್ರಾಸವನ್ನೂ
ಹಿರಿಯರಿಂದಲೇ ಬಡಿಸುತ್ತಿದ್ದರು.
ಬೋಗುಣಿ ನನ್ನ ಬಳಿ ಬರುವಷ್ಟರಲ್ಲಿ ತಳ ಕಾಣುತ್ತಿತ್ತು.
ಅದಕ್ಕೇ ನಾನು ಪ್ರಾಸವಿಲ್ಲದೆ ಬರೆದೆ.’
ಹನ್ನೊಂದರಿಂದಲೇ ಎಲ್ಲರ ಕರಡು ತಿದ್ದಿದವಳು ಆಕೆ.
‘ಆ ಪುಸ್ತಕಗಳಲ್ಲಿ ಮಾತು ಅವರವು,
ಪೂರ್ಣವಿರಾಮಗಳೆಲ್ಲ ನನ್ನವು.’

ಇಷ್ಟನ್ನೂ ಕೊಂಕಣಿಯಲ್ಲಿ ಹೇಳುತ್ತಿದ್ದಳು,
ಅಡುಗೆಯವಳಿಂದ ಕಲಿತ ಕೊಂಕಣಿ,
ಕ್ರಿಯಾಪದಗಳಿಗೆಲ್ಲ ಮೀನಿನ ಹುಳಿಯ ವಾಸನೆ.

ಅರವತ್ತೊಂದರ ಡಿಸೆಂಬರ್ ಕಳೆದು ಅಣ್ಣ ಹಡಗು ಹತ್ತಿದ,
ಹದಿನೇಳು ಪೆಟ್ಟಿಗೆ ಪುಸ್ತಕ, ಅಜ್ಜನ ಪಟ.
ನೀವ್ಯಾಕೆ ಹೋಗಲಿಲ್ಲ?
ಆ ವರ್ಷ ಅಂದಳು: ಪೈಯವರ ಅಂಗಡಿಯಲ್ಲಿ ರಿಬ್ಬನ್ನಿನ ಬಾಕಿ ಇತ್ತು.
ಮರುವರ್ಷ: ನಾಯಿ ಮರಿ ಹಾಕಿತ್ತು.
ಅದರ ಮರುವರ್ಷ ಮಾತಾಡದೆ
ಕಿಟಕಿಯಾಚೆ ಮುನ್ಸಿಪಾಲಿಟಿ ತೋಟ ನೋಡಿದಳು.
ನಾನು ಮೊಹರಿಗೆ ಶಾಯಿ ಹಚ್ಚಿಕೊಂಡೆ.

ಓದುಗರ ಲೆಕ್ಕವನ್ನೂ ನನಗೇ ಒಪ್ಪಿಸುತ್ತಿದ್ದಳು.
ಏಳು. ಆರು. ನಾಲ್ಕು.
ನೋಟರಿ ತೀರಿಕೊಂಡ ಮೇಲೆ ಎರಡೂವರೆ,
ಒಬ್ಬರಿಗೆ ಕಣ್ಣಿನ ಪೊರೆ.

ಎಂಬತ್ತಾರರಲ್ಲಿ ಆಕೆ ಬರಲಿಲ್ಲ.
ಮನೆಗೆಲಸದ ಪಿಯೆದಾದ್ ಫಾರಂ ತಂದಳು.
ಸಹಿಯ ಜಾಗದಲ್ಲಿ ನಾಲ್ಕು ಸಾಲು ಪೋರ್ತುಗೀಸು,
ನಡುಗುವ, ಆದರೂ ಗೆರೆ ದಾಟದ ಅಕ್ಷರ.
ಮೊಹರು ಜೇಬಿನಲ್ಲಿಟ್ಟು ಬೋರ್ಡಾದ ಮನೆಗೆ ನಡೆದೆ.
ಇಲ್ಲಿ ಹೆಸರು ಬರೀಬೇಕು, ಬಾಯಿ.
‘ಹೆಸರು ಮನೆಯವರದು. ಯಾರು ಬೇಕಾದರೂ ಬರೀತಾರೆ.
ನಾನಿದ್ದೇನೆ ಅನ್ನೋದಕ್ಕೆ ಇದು.’
ನನಗೆ ಓದಲು ಬಂದದ್ದು ಎರಡೇ ಪದ:
ಉಪ್ಪು. ಮಂಗಳವಾರ.
ಉಳಿದದ್ದನ್ನು ನಾನು ಕೇಳಲಿಲ್ಲ, ಆಕೆ ಹೇಳಲಿಲ್ಲ.
‘ನನ್ನೆದುರು ಸಹಿ ಮಾಡಿರುತ್ತಾರೆ’ ಎಂದು ಬರೆದು ಒತ್ತಿದೆ,
ಮೂವತ್ತೊಂದು ವರ್ಷದ ನೌಕರಿಯ ಒಂದೇ ಅಕ್ರಮ.

ಫೆಬ್ರವರಿಯಲ್ಲಿ ಲಿಸ್ಬನ್ನಿನಿಂದ ವಾಪಸು ಬಂತು.
ಕೆಂಪು ಶಾಯಿ: ಸಹಿ ಹೊಂದುತ್ತಿಲ್ಲ.
ಕನ್ನಡಕ ಏರಿಸಿ ಎರಡು ಸಲ ಓದಿದಳು.
‘ಐವತ್ತು ವರ್ಷದಿಂದ ಕಳಿಸುತ್ತಿದ್ದೇನೆ,
ಅಲ್ಲಿಂದ ಬಂದ ಮೊದಲ ವಿಮರ್ಶೆ.’
ಆ ಕೆಂಪು ಸಾಲಿನಲ್ಲಿ ಅಲ್ಪವಿರಾಮವೊಂದು ತಪ್ಪಿತ್ತಂತೆ,
ಪೆನ್ಸಿಲ್ ತರಿಸಿ ತಿದ್ದಿದಳು.
ಹೊಸ ಫಾರಮ್ಮಿಗೆ ಮನೆತನದ ಹೆಸರು ಪೂರ್ತಿ ಹಾಕಿಕೊಟ್ಟು
ಇನ್ನೂ ಮೂರು ನವೆಂಬರ್ ಬದುಕಿದಳು.

ಈಗ ನನ್ನ ಸರದಿ.
ಅದೇ ಬ್ಯಾಂಕು, ಗಾಜಿನ ಹಿಂದೊಬ್ಬಳು ಹುಡುಗಿ,
ಬೆರಳಚ್ಚಿನ ಯಂತ್ರ.
ನೋಟು ಎಣಿಸಿ ಸವೆದ ಹೆಬ್ಬೆರಳು ಇಡುತ್ತೇನೆ.
ಹೊಂದುತ್ತಿಲ್ಲ, ಅನ್ನುತ್ತದೆ.
ಅಂಗಿಗೆ ಒರೆಸಿ ಇಡುತ್ತೇನೆ.
ಹೊಂದುತ್ತಿಲ್ಲ.
‘ಬೇರೆ ಬೆರಳು ಇಡಿ, ಅಂಕಲ್.’

ಉಪ್ಪು, ಅನ್ನುತ್ತೇನೆ ಆಕೆಗೆ.
ಮಂಗಳವಾರ.