ಸ್ವಂತ ಮೈದಾನ

ಹನ್ನೆರಡನೆಯವನು ನಾನು.
ಸ್ಟಿಕ್ಕಿಗಿಂತ ಪೆನ್ಸಿಲನ್ನೇ ಹೆಚ್ಚು ಹಿಡಿದವನು.
ಗುಂತಕಲ್ಲಿನ ಲೋಕೋ ಷೆಡ್ಡಿನ ತಂಡಕ್ಕೆ
ಒಂಬತ್ತು ವರ್ಷ ಸ್ಕೋರು ಬರೆದಿದ್ದೇನೆ
ರೈಲ್ವೆಯದೇ ಹಳೇ ಗೂಡ್ಸ್ ರಿಜಿಸ್ಟರಿನ ಖಾಲಿ ಬೆನ್ನಿಗೆ.

ಹುಬ್ಬಳ್ಳಿಯಲ್ಲಿ ನಾಲ್ಕು–ಒಂದು.
ಸೊಲ್ಲಾಪುರದಲ್ಲಿ ಎರಡು–ಸೊನ್ನೆ.
ಪೋದನೂರಿನಲ್ಲಿ ಮಳೆ ಹುಯ್ದರೂ ಮೂರು.
ಮನೆಯಲ್ಲಿ?
ಪುಟ ತಿರುಗಿಸಿಬಿಡಿ.

ಹಿತ್ತಲ ಗಿಡ ಮದ್ದಲ್ಲ ಕಣಯ್ಯಾ, ಅಂದ ತಿಪ್ಪೇರುದ್ರ,
ಬೀಡಿ ಕಚ್ಚಿಕೊಂಡು, ಪ್ಯಾಡು ಬಿಚ್ಚುತ್ತಾ.
ಗಾದೆ ಸರಿ. ಆದರೆ
ಗಿಡವನ್ನು ಯಾರೂ ಕೇಳಿಲ್ಲ.

ನಮ್ಮ ಮೈದಾನವೆಂದರೆ ಉಗಿಬಂಡಿಗಳ ಬೂದಿ.
ಮೂವತ್ತು ವರ್ಷದ ಕಿಟ್ಟ ಸುರಿದು, ರೋಲರ್ ಎಳೆದು
ನಮ್ಮಪ್ಪಂದಿರೇ ಮಟ್ಟ ಮಾಡಿದ್ದು.
ಚೆಂಡು ಎಲ್ಲಿ ಪುಟಿಯುತ್ತದೆ, ಎಲ್ಲಿ ಸಾಯುತ್ತದೆ,
ನಮಗೆ ಗೊತ್ತು. ಅದೇ ಕಷ್ಟ.
ಗೋಲಿನ ಹತ್ತಿರ ಮೂರು ಕಲ್ಲಿವೆ
(ಒಂದರ ದೆಸೆಯಿಂದ ಎಂಬತ್ತೊಂದರಲ್ಲಿ ಖಾಜಾನ ಹಲ್ಲು ಹೋಯಿತು),
ಚೆಂಡು ಬರುವ ಮೊದಲೇ ಕಣ್ಣು ಕಲ್ಲಿಗೆ ಹೋಗುತ್ತದೆ.
ಬಂದವರಿಗೆ ಕಲ್ಲಿರುವುದೇ ತಿಳಿಯದು,
ಅದರ ಮೇಲೇ ಓಡಿ ಗೋಲು ಹೊಡೆದು
ಸಂಜೆ ಗಾಡಿ ಹಿಡಿಯುತ್ತಾರೆ.

ಮತ್ತೆ ಆ ಗಂಟೆ.
ಎರಡನೇ ಹಾಫಿನಲ್ಲಿ ನೀರಿನ ಟ್ಯಾಂಕಿನ ಹಿಂದಿನಿಂದ
ಕಾಲ್ ಬಾಯ್ ಕೋನೇಟಿಯ ಸೈಕಲ್.
ಯಾರದೋ ಹೆಸರಿನ ಚೀಟಿ, ಯಾರಿಗೋ ರಾತ್ರಿ ಗೂಡ್ಸು ರಾಯಚೂರ ಕಡೆಗೆ.
ಆಡುವವರು ಹನ್ನೊಂದು ಜನ,
ಇಪ್ಪತ್ತೆರಡು ಕಿವಿಯೂ ರಸ್ತೆಯಲ್ಲಿ.
ಓಬುಳೇಸು ಒಮ್ಮೆ ಆಟದ ನಡುವೆಯೇ
ಗೆರೆಯಾಚೆ ಬಗ್ಗಿ ರುಜು ಹಾಕಿ ಬಂದ.
ಅಷ್ಟರಲ್ಲಿ ಅವನ ಕಡೆಯಿಂದಲೇ ಗೋಲಾಗಿತ್ತು.

ನೋಡಲು ನಿಂತವರಾದರೂ ಯಾರು?
ಎರಡು ತಿಂಗಳ ಬಾಕಿ ಬರೆದಿಟ್ಟ ಅಕ್ಕಿ ಅಂಗಡಿಯವನು,
ಮೂರನೇ ಕ್ಲಾಸಲ್ಲಿ ಬೆಂಚು ಹತ್ತಿಸಿದ ಸುಶೀಲಾ ಟೀಚರು,
ನಿನ್ನೆ ರಾತ್ರಿಯ ಜಗಳದಲ್ಲಿ ಮಿಕ್ಕಿದ್ದನ್ನು
ಸೆರಗಿಗೆ ಗಂಟು ಹಾಕಿಕೊಂಡು ಬಂದ ಹೆಂಡತಿ.
ಕನ್ನಡದಲ್ಲಿ ಬೈದರೂ, ತೆಲುಗಲ್ಲಿ, ಉರ್ದುವಲ್ಲಿ,
ಡೆನ್ಜಿಲ್ ಫೋರ್‌ಮನ್ನನ ಇಂಗ್ಲಿಷಲ್ಲಿ ಬೈದರೂ
ಪೂರ್ತಿ ಅರ್ಥವಾಗುವ ದೌರ್ಭಾಗ್ಯ ನಮ್ಮದು.

ಪರವೂರಲ್ಲಿ ಬೈಗುಳ ಬರೀ ಗಾಳಿ.
"ಎಡಕ್ಕೆ ಬಿಡಲೇ, ಹಿಂದೆ ಅದಾನೆ, ಬೇವಿನ ಗಿಡದ ಕಡೆ ತಳ್ಳು"
ಇಡೀ ಅರಕ್ಕೋಣ ಕೇಳುವಂತೆ ಕೂಗುತ್ತೇವೆ, ಗುಟ್ಟು ಬಯಲಾಗದು.
ಆಫೀಸಿನ ಕಿಟಕಿಯಲ್ಲಿ ತೆಲುಗಿಗೆ ತಿದ್ದಿ ಹೇಳಬೇಕಾದ ಮಾತು
ಅಲ್ಲಿ ಯಾರ ಕೈಗೂ ಸಿಗದ ಬೀಗದ ಕೈ.
ರಜೆ ಮಂಜೂರು, ಪಾಸು ಕಿಸೆಯಲ್ಲಿ,
ಉರುಕುಂದ ಅಲ್ಲಿ ಫೈರ್‌ಮನ್ ಅಲ್ಲ, ಅಳಿಯನಲ್ಲ,
ಸಾಲಗಾರನಲ್ಲ.
ಸೆಂಟರ್ ಫಾರ್ವರ್ಡ್, ಅಷ್ಟೇ.

"ಊರಿಗೆ ಉಪಕಾರಿ, ಮನೆಗೆ ಮಾರಿ"
ಅಂದಳಂತೆ ಹನುಮಕ್ಕ, ಗೆದ್ದು ತಂದ ಕಪ್ಪನ್ನು
ಉಪ್ಪಿನ ಭರಣಿಯ ಪಕ್ಕಕ್ಕೆ ಸರಿಸುತ್ತಾ.
ಅವಳದೇನು ತಪ್ಪು?
ನಾವು ಗೆದ್ದದ್ದನ್ನು ನಮ್ಮವರು ಯಾರೂ ಕಂಡಿಲ್ಲ.
ನಮ್ಮನ್ನು ಪ್ರೀತಿಸುವವರೆಲ್ಲ
ನಾವು ಸೋಲುವುದನ್ನೇ ನೋಡಿ ಪ್ರೀತಿಸಿದವರು.

ಅದಕ್ಕೇ ಆ ಸಲ ಅವನ ಮಗಳು ಈರಮ್ಮನನ್ನು
ಜೊತೆಗೆ ಕರೆದೊಯ್ದೆವು. ಆರು ವರ್ಷ, ಅರ್ಧ ಟಿಕೀಟು.
ಗೆರೆಯ ಹೊರಗೆ ನನ್ನ ಪಕ್ಕ ಕೂತು
ಕಡಲೆ ಸುಲಿಯುತ್ತಾ, ಒಂದೇ ಒಂದು ಸಲ
"ಅಪ್ಪಾ" ಅಂತ ಕೂಗಿದಳು.
ಉರುಕುಂದ ತಿರುಗಿ ನೋಡಿದ.
ಅಲ್ಲಿಗೆ ಅರಕ್ಕೋಣವೂ ನಮ್ಮೂರಾಯಿತು.
ಸೊನ್ನೆ–ಮೂರು.

ವಾಪಸು ಪ್ಯಾಸೆಂಜರಿನಲ್ಲಿ, ಕಡಪ ದಾಟಿದ ಮೇಲೆ,
ಸ್ಟಿಕ್ಕುಗಳ ಗಂಟಿಗೆ ಒರಗಿ, ನಿದ್ದೆಗಣ್ಣಲ್ಲಿ ಕೇಳಿದಳು:
ನಾವು ಗೆದ್ದಿವಾ ಅಪ್ಪಾ?
ಹತ್ತು ಜನ ಕಿಟಕಿಯಾಚೆ ನೋಡಿದರು,
ಕತ್ತಲಲ್ಲಿ ಏನಿತ್ತೋ.
"ಹ್ಞೂ," ಅಂದ ಉರುಕುಂದ.
ನಾನು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿ
ಬುಕ್ಕನ್ನು ಅವಳ ತಲೆಯಡಿಗೆ ಸರಿಸಿದೆ.